ಶಿವಮೊಗ್ಗದ ಎಕ್ಸ್-ರೇ ಸೆಂಟರ್: ಒಂದು ಸ್ಟಾರ್ ಕೊಡೋಣ ಅಂತಿದ್ದೆ, ನಾಲ್ಕು ಕೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬರೆದಿದ್ದು. ಬಲಗೈ ಪ್ಲಾಸ್ಟರ್ ಒಳಗೆ ಮಲಗಿದೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸೆಂಟರಿನ ಹೆಸರು ಹಾಕುವುದಿಲ್ಲ. ಹೊಗಳಿದರೆ ಜಾಹೀರಾತು ಅನ್ನುತ್ತೀರಿ, ಬೈದರೆ ಅವರು ಮುಖ ಊದಿಸಿಕೊಳ್ಳುತ್ತಾರೆ, ನಾನು ಅಲ್ಲಿಗೇ ಇನ್ನೊಂದು ಸಲ ಹೋಗುವುದು ಬೇರೆ ಇದೆ. ಪೇಟೆ ನಡುವಿನ ಒಂದು ಅಡ್ಡರಸ್ತೆ, ಮೆಡಿಕಲ್ ಶಾಪ್ ಪಕ್ಕದ ಸಂದಿ, ಅಷ್ಟು ಸಾಕು. ಹೆಸರಿಗಿಂತ ಅಲ್ಲಿ ಏನು ನೋಡಿದೆ ಅನ್ನುವುದು ನಿಮಗೆ ಬೇರೆ ಯಾವ ಸೆಂಟರಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಬಿದ್ದಿದ್ದು ಹೇಗೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಳೆ ಒಂದು ದಿನ ಹೊಳವಾಗಿತ್ತು, ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ, ಮೈಲುತುತ್ತದ ಬಕೆಟ್ ಹಿಡಿದು ತೋಟಕ್ಕೆ ಇಳಿಯುವ ಮೆಟ್ಟಿಲ ಮೇಲೆ ಕಾಲಿಟ್ಟೆ. ಪಾಚಿ. ಬಕೆಟ್ ಒಂದು ಕಡೆ, ನಾನು ಒಂದು ಕಡೆ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಅಂಗೈ ಊರಿದೆ, ಮೈಭಾರವೆಲ್ಲ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಊತ ಜಾಸ್ತಿ ಏನೂ ಇರಲಿಲ್ಲ. ಅಪ್ಪಯ್ಯ "ಉಳುಕಿರಬೇಕು, ಎಣ್ಣೆ ತಿಕ್ಕು" ಅಂದರು. ಎರಡು ದಿನ ತಿಕ್ಕಿದೆ. ಆದರೆ ಹೆಬ್ಬೆರಳನ್ನು ಎತ್ತಿ ಹಿಡಿದಾಗ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಮೂರನೇ ದಿನ ಮಂಡಗದ್ದೆಯಲ್ಲಿ ಬಸ್ ಹತ್ತಿದೆ. ಶಿವಮೊಗ್ಗದ ಮೂಳೆ ಡಾಕ್ಟರು ಬೇರೆ ಎಲ್ಲೂ ಮುಟ್ಟದೆ ನೇರ ಅದೇ ಗುಳಿಯನ್ನು ಒತ್ತಿದರು, ನಾನು ಕುರ್ಚಿಯಿಂದ ಎದ್ದೇಬಿಟ್ಟೆ, ಅವರು ಚೀಟಿ ಬರೆದರು.

ಮೊದಲ ಸಲ ಹೋದಾಗಿನ ಅನುಭವ ಚೆನ್ನಾಗಿರಲಿಲ್ಲ. ಎಂಟು ಕುರ್ಚಿ, ಇಪ್ಪತ್ತು ಜನ. ಕೈ ಮುರಿದವರು, ಕಾಲು ಮುರಿದವರು ಗೋಡೆಗೆ ಒರಗಿ ನಿಂತಿದ್ದಾರೆ. ಕರೆಂಟ್ ಹೋಯಿತು, ಜನರೇಟರ್ ಶುರುವಾಗಲು ಇಪ್ಪತ್ತು ನಿಮಿಷ. ಒಟ್ಟು ಒಂದು ಗಂಟೆ ಹತ್ತು ನಿಮಿಷ ಕಾದೆ. ನಾಲ್ಕು ಚಿತ್ರಕ್ಕೆ 800 ರೂಪಾಯಿ ಕೊಟ್ಟೆ. ಒಂದು ಮಣಿಕಟ್ಟಿಗೆ ನಾಲ್ಕು ಯಾಕೆ ಅಂತ ಕೌಂಟರಿನ ಹುಡುಗನನ್ನು ಕೇಳಿದರೆ "ಡಾಕ್ಟರ್ ಬರೆದಿದಾರೆ ಸರ್" ಅಂದ. ಕೊನೆಗೆ ರಿಪೋರ್ಟ್ ಬಂತು: ಮುರಿತ ಕಾಣುತ್ತಿಲ್ಲ. ಅದನ್ನು ಓದಿದ ಡಾಕ್ಟರು ಏನೂ ಆಗಿಲ್ಲ ಅನ್ನುತ್ತಾರೆ ಅಂದುಕೊಂಡರೆ, ಹೆಬ್ಬೆರಳನ್ನೂ ಸೇರಿಸಿ ಪ್ಲಾಸ್ಟರ್ ಹಾಕಿ, ಎರಡು ವಾರ ಬಿಟ್ಟು ಮತ್ತೆ ಎಕ್ಸ್-ರೇ ತೆಗೆಸಿಕೊಂಡು ಬನ್ನಿ ಅಂದರು.

ಇದು ದುಡ್ಡು ಮಾಡುವ ದಂಧೆಯೇ ಅಂತ ನನಗೆ ಖಾತ್ರಿಯಾಯಿತು. ಮುರಿದಿಲ್ಲ ಅಂದಮೇಲೆ ಕಟ್ಟು ಯಾಕೆ, ಮತ್ತೊಂದು ಎಕ್ಸ್-ರೇ ಯಾಕೆ? ವಾಪಸ್ ಬರುವ ಬಸ್ಸಿನಲ್ಲೇ ಎಡಗೈಯಲ್ಲಿ ಒಂದು ಸ್ಟಾರಿನ ವಿಮರ್ಶೆ ಬರೆದೆ, ಖಾರ ಹಾಕಿಯೇ ಬರೆದೆ. ಕಳಿಸಲು ಒತ್ತುವ ಹೊತ್ತಿಗೆ ಸಕ್ರೆಬೈಲು ದಾಟಿತ್ತು, ನೆಟ್‌ವರ್ಕ್ ಇಲ್ಲ. ಅವರ ಮರ್ಯಾದೆ ಉಳಿಯಿತು. ನನ್ನದೂ.

ಯಾಕೆಂದರೆ ಎರಡು ವಾರದ ನಂತರ ತೆಗೆದ ಚಿತ್ರದಲ್ಲಿ ಗೆರೆ ಕಂಡಿತು. ಕೂದಲಿಗಿಂತ ಸ್ವಲ್ಪ ದಪ್ಪ, ಕಪ್ಪು, ಮಣಿಕಟ್ಟಿನ ಸಾಲಿನ ಒಂದು ಸಣ್ಣ ಮೂಳೆಯ ನಡು ಸೊಂಟಕ್ಕೆ ಅಡ್ಡವಾಗಿ. ಆ ಮೂಳೆಯ ಹೆಸರು ಸ್ಕ್ಯಾಫಾಯ್ಡ್. ನೋಡಲು ಹೆಚ್ಚುಕಮ್ಮಿ ಗೇರುಬೀಜದ ಹಾಗೇ ಇರುತ್ತದೆ. ಡಾಕ್ಟರು ಆ ದಿನ ಸ್ವಲ್ಪ ಬಿಡುವಾಗಿದ್ದರು, ಕೂರಿಸಿಕೊಂಡು ಹೇಳಿದರು. ಹೊಸದಾಗಿ ಬಿರುಕು ಬಿಟ್ಟಾಗ ಎರಡೂ ತುಂಡು ಒಂದಕ್ಕೊಂದು ಅಂಟಿಕೊಂಡೇ ಇರುತ್ತವಂತೆ. ಕಿರಣ ಸರಿಯಾಗಿ ಆ ಬಿರುಕಿನ ಗುಂಟ ಹಾದುಹೋದರೆ ಮಾತ್ರ ಗೆರೆ ಕಾಣುತ್ತದೆ, ಸ್ವಲ್ಪ ಓರೆಯಾದರೂ ಮೂಳೆಯ ನೆರಳಿನಲ್ಲೇ ಮುಚ್ಚಿಹೋಗುತ್ತದೆ. ಹತ್ತು ಹದಿನಾಲ್ಕು ದಿನ ಕಳೆದರೆ ಬಿರುಕಿನ ಅಂಚನ್ನು ಮೈಯೇ ಸ್ವಲ್ಪ ಕರಗಿಸುತ್ತದೆ, ಸಂದು ಅಗಲವಾಗುತ್ತದೆ, ಆಗ ಕಾಣುತ್ತದೆ. ಅಲ್ಲಿಯವರೆಗೆ ಕಾಯುತ್ತಾ ಸುಮ್ನೆ ಕೂರುವ ಹಾಗೂ ಇಲ್ಲ. ಈ ಮೂಳೆಗೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ. ಮಧ್ಯದಲ್ಲಿ ಮುರಿದು ಹಾಗೇ ಬಿಟ್ಟರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಾಲದೆ ಅದು ಸತ್ತೇ ಹೋಗಬಹುದು. ಅದಕ್ಕೇ ಚಿತ್ರದಲ್ಲಿ ಕಾಣದಿದ್ದರೂ ಆ ಗುಳಿಯ ನೋವನ್ನು ನಂಬಿ ಕಟ್ಟು ಹಾಕುವುದು. "ಎಕ್ಸ್-ರೇ ಅಂದ್ರೆ ನೆರಳು ಮಾರಾಯ್ರೇ, ನೆರಳಲ್ಲಿ ಕಾಣಲಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಾನಾ?" ಅಂದರು. ನಾನು ಮೊಬೈಲನ್ನು ಜೇಬಿನೊಳಗೆ ಇನ್ನೂ ಸ್ವಲ್ಪ ಕೆಳಗೆ ತಳ್ಳಿದೆ.

ಇನ್ನು ಆ ಎಕ್ಸ್-ರೇ ಕೋಣೆಯ ವಿಷಯ. ಎರಡನೇ ಸಲ ಹೋಗುವಾಗ ಸಾಗರದ ಚಿಕ್ಕಮ್ಮನೂ ಜೊತೆಗಿದ್ದರು. ಮೂರು ವಾರದಿಂದ ಕೆಮ್ಮು, ಎದೆಯ ಎಕ್ಸ್-ರೇ ಆಗಬೇಕಿತ್ತು. ಹಾಗಾಗಿ ನಾನು ಒಂದೇ ದಿನ ಎರಡು ಥರದ ಎಕ್ಸ್-ರೇ ನೋಡಿದೆ, ಚಿಕ್ಕಮ್ಮನದನ್ನು ಗಾಜಿನ ಈಚೆ ನಿಂತು. ಅಲ್ಲಿ ಎಕ್ಸ್-ರೇ ತೆಗೆಯುವವರು ಒಬ್ಬ ಮೇಡಂ, ವಯಸ್ಸು ಮೂವತ್ತರ ಒಳಗೇ. ನಾಲ್ಕು ಸ್ಟಾರಿನಲ್ಲಿ ಮೂರು ಅವರೊಬ್ಬರಿಗೇ ಸಲ್ಲಬೇಕು.

ಚಿತ್ರ ತೆಗೆಯಲೆಂದು ನನ್ನ ಪ್ಲಾಸ್ಟರನ್ನು ಬಿಚ್ಚಿದ್ದರು, ಆಮೇಲೆ ಮತ್ತೆ ಹಾಕಿದರು. ನನ್ನನ್ನು ಮೇಜಿನ ಮುಂದೆ ನೇರ ಕೂರಿಸಲಿಲ್ಲ, ಪಕ್ಕಕ್ಕೆ ತಿರುಗಿಸಿ ಕೂರಿಸಿದರು. ಯಾಕೆ ಅಂದರೆ, ನೇರ ಕೂತರೆ ತೊಡೆ ಮೇಜಿನ ಕೆಳಗೆ ಹೋಗುತ್ತದೆ, ಕೈಗೆ ಬಿಟ್ಟ ಕಿರಣ ಅದಕ್ಕೂ ಬೀಳುತ್ತದೆ. ಭುಜ, ಮೊಣಕೈ, ಮಣಿಕಟ್ಟು ಒಂದೇ ಮಟ್ಟಕ್ಕೆ ಬರುವ ಹಾಗೆ ಸ್ಟೂಲ್ ಎತ್ತರ ಸರಿ ಮಾಡಿದರು. ಅಂಗೈ ಕೆಳಗೆ ಮಾಡಿ, ಬೆರಳು ಸ್ವಲ್ಪ ಮಡಚಲು ಹೇಳಿದರು, ಹಾಗೆ ಮಾಡಿದರೆ ಮಣಿಕಟ್ಟು ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಒಂದು ಚಿತ್ರ ಹಾಗೆ. ಆಮೇಲೆ ಕಿರುಬೆರಳು ಕೆಳಗಾಗುವಂತೆ ಕೈ ಅಡ್ಡ ನಿಲ್ಲಿಸಿ ಒಂದು. ಒಂದು ಸ್ವಲ್ಪ ಓರೆ. ಕೊನೆಯದಕ್ಕೆ ಅಂಗೈಯನ್ನು ಕಿರುಬೆರಳ ಕಡೆಗೆ ಬಾಗಿಸಿ, ಮೇಲಿನ ಟ್ಯೂಬನ್ನೂ ಸ್ವಲ್ಪ ಓರೆ ಮಾಡಿದರು. ಹಾಗೆ ಬಾಗಿಸಿದಾಗ ಸ್ಕ್ಯಾಫಾಯ್ಡ್ ಮೈ ಚಾಚಿಕೊಂಡು ಉದ್ದಕ್ಕೆ ಕಾಣುತ್ತದಂತೆ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟು ಹೊತ್ತಿಗೆ 800 ರೂಪಾಯಿಯ ಲೆಕ್ಕ ತಲೆಗೆ ಹತ್ತಿತು. ನಾಲ್ಕು ದಿಕ್ಕಿನಿಂದ ನೋಡದಿದ್ದರೆ ನೆರಳಲ್ಲಿ ಏನೂ ಗೊತ್ತಾಗುವುದಿಲ್ಲ. ಒಂದು ಕೋಲನ್ನು ತುದಿಯಿಂದ ನೋಡಿದರೆ ಚುಕ್ಕೆ, ಪಕ್ಕದಿಂದ ನೋಡಿದರೆ ಕೋಲು, ಅಷ್ಟೇ ತಾನೇ?

ಒಂದು ಬೆಳಕಿನ ಚೌಕ, ಮಧ್ಯೆ ಒಂದು ಕೂಡಿಸುವ ಗುರುತು, ಕೈ ಮೇಲೆ ಬೀಳುತ್ತಿತ್ತು. ಅದೇ ಎಕ್ಸ್-ರೇ ಅಂದುಕೊಂಡಿದ್ದೆ. ಅಲ್ಲವಂತೆ, ಅದು ಬರೀ ಬಲ್ಬಿನ ಬೆಳಕು, ಕಿರಣ ಎಲ್ಲೆಲ್ಲಿ ಬೀಳಲಿದೆ ಅಂತ ತೋರಿಸಲು. ಮೇಡಂ ಆ ಚೌಕವನ್ನು ಮಣಿಕಟ್ಟಿನ ಸುತ್ತ ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಮಾಡಿದರು. ಚೌಕ ಸಣ್ಣದಾದಷ್ಟೂ ಮೈಗೆ ಬೀಳುವುದು ಕಡಿಮೆ, ಅತ್ತಿತ್ತ ಚದುರಿದ ಕಿರಣದಿಂದ ಚಿತ್ರ ಮಂಕಾಗುವುದೂ ಕಡಿಮೆ. ನೀವು ಹೋದಾಗ ಇದೊಂದನ್ನು ಗಮನಿಸಿ. ಬೆರಳಿಗೆ ಪೆಟ್ಟಾಗಿದ್ದರೆ ಚೌಕ ಮೊಣಕೈವರೆಗೆ ಇದೆಯಾ?

ಗುಂಡಿ ಒತ್ತಿದಾಗ ಒಂದು ಗುಯ್ ಅನ್ನುವ ಸದ್ದು, ಮತ್ತೆ ಒಂದು ಟಿಕ್. ಟ್ಯೂಬಿನ ಒಳಗೆ ಒಂದು ತಂತಿ ಕಾದು ಎಲೆಕ್ಟ್ರಾನ್ ಬಿಡುತ್ತದೆ, ಅವನ್ನು ಸಾವಿರಾರು ವೋಲ್ಟಿನಲ್ಲಿ ಎಳೆದು ಟಂಗ್‌ಸ್ಟನ್ ತಟ್ಟೆಗೆ ಅಪ್ಪಳಿಸುತ್ತಾರೆ. ನೂರು ಪಾಲು ಶಕ್ತಿಯಲ್ಲಿ ತೊಂಬತ್ತೊಂಬತ್ತು ಬರೀ ಶಾಖವಾಗಿ ಹೋಗುತ್ತದೆ, ಒಂದು ಪಾಲು ಎಕ್ಸ್-ರೇ. ಒಂದೇ ಜಾಗ ಕರಗಿಹೋಗಬಾರದು ಅಂತ ಆ ತಟ್ಟೆಯನ್ನು ತಿರುಗಿಸುತ್ತಾರೆ, ಆ ಗುಯ್ ಸದ್ದು ಅದರದ್ದೇ. ನನ್ನ ಕೈಗೆ 55 ಕೆವಿ ಇಟ್ಟಿದ್ದರು, ಅಂದರೆ 55 ಸಾವಿರ ವೋಲ್ಟ್. ಚಿಕ್ಕಮ್ಮನ ಎದೆಗೆ 110. ಎದೆಗೆ ಜಾಸ್ತಿ ಯಾಕೆ ಅಂದರೆ, ವೋಲ್ಟೇಜ್ ಏರಿಸಿದಷ್ಟೂ ಕಿರಣ ತೂರಿಹೋಗುವ ಶಕ್ತಿ ಜಾಸ್ತಿ. ಪಕ್ಕೆಲುಬು ತೀರಾ ಬೆಳ್ಳಗಾಗದೆ ಅದರ ಹಿಂದಿನ ಶ್ವಾಸಕೋಶವೂ ಕಾಣುತ್ತದೆ. ಮೂಳೆಯಲ್ಲಿ ಸುಣ್ಣದ ಅಂಶ, ಅದು ಕಿರಣವನ್ನು ತಡೆಯುತ್ತದೆ, ಹಾಗಾಗಿ ಬಿಳಿ. ಗಾಳಿ ತಡೆಯುವುದೇ ಇಲ್ಲ, ಕಪ್ಪು. ಕೊಬ್ಬು, ಮಾಂಸ, ನೀರು ಇವೆಲ್ಲ ನಡುವಿನ ಬೂದು. ಲೋಹ ಎಲ್ಲಕ್ಕಿಂತ ಬಿಳಿ, ಅದಕ್ಕೇ ಉಂಗುರ, ಬಳೆ ತೆಗೆಯಿರಿ ಅನ್ನುವುದು.

ಇಲ್ಲೊಂದು ತಮಾಷೆ. ರಾಂಟ್‌ಜನ್ ಅನ್ನುವ ಜರ್ಮನ್ ವಿಜ್ಞಾನಿ 1895ರ ನವೆಂಬರ್ 8ರಂದು ಈ ಕಿರಣವನ್ನು ಕಂಡ, ಡಿಸೆಂಬರ್ 22ಕ್ಕೆ ಹೆಂಡತಿಯ ಕೈಯ ಚಿತ್ರ ತೆಗೆದ. ಲೋಕಕ್ಕೆಲ್ಲ ಗೊತ್ತಿರುವ ಆ ಚಿತ್ರದಲ್ಲಿ ಬೆರಳಿಗೆ ಉಂಗುರ ಹಾಗೇ ಇದೆ! ಕಾಲು ಗಂಟೆಯ ಹತ್ತಿರ ಕೈ ಅಲ್ಲಾಡಿಸದೆ ಇಡಿಸಿದ್ದನಂತೆ, ಉಂಗುರ ತೆಗೆಸುವುದು ಹೊಳೆಯಲಿಲ್ಲ. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಅವನಿಗೇ ಬಂತು. ನಮ್ಮ ಮೇಡಂ ಹತ್ತಿರ ಹೋಗಿದ್ದರೆ ವಾಪಸ್ ಕಳಿಸುತ್ತಿದ್ದರು.

ಚಿಕ್ಕಮ್ಮನ ಸರದಿ. ಮೇಡಂ ಕರಿಮಣಿ ಸರ ತೆಗೆಸಿದರು, ಅದು ಎಲ್ಲರೂ ಮಾಡುತ್ತಾರೆ. ಆಮೇಲೆ "ಅಮ್ಮಾ, ಜಡೆ ಮೇಲಕ್ಕೆ ಕಟ್ಕೊಳ್ಳಿ" ಅಂದರು. ಚಿಕ್ಕಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎರಡು ವರ್ಷದ ಹಿಂದೆ ಬೇರೆ ಊರಲ್ಲಿ ಬೇರೆ ಒಂದು ಕಡೆ ಇದೇ ಎದೆಯ ಎಕ್ಸ್-ರೇ ತೆಗೆದಾಗ ಬಲಭುಜದ ಕೆಳಗೆ, ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬೆಳ್ಳನೆ ನೆರಳು ಬಂದಿತ್ತು. ಆ ಜಾಗದಲ್ಲಿ ನೆರಳು ಅಂದರೆ ಡಾಕ್ಟರಿಗೆ ಮೊದಲು ಬರುವ ಅನುಮಾನ ಕ್ಷಯ. ಕಫದ ಪರೀಕ್ಷೆ, ಮತ್ತೆ ಪರೀಕ್ಷೆ, ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಟ್ಟು, ಮೊಮ್ಮಕ್ಕಳನ್ನು ದೂರ ಕೂರಿಸಿ, ಹದಿನೈದು ದಿನ ಮನೆಗೆ ಮನೆಯೇ ಸೂತಕದ ಹಾಗಿತ್ತು. ಎರಡನೇ ಚಿತ್ರದಲ್ಲಿ ನೆರಳೇ ಇಲ್ಲ. ಮೊದಲ ದಿನ ಅವರು ತಲೆಗೆ ಸ್ನಾನ ಮಾಡಿ ಒದ್ದೆ ಜಡೆಯನ್ನು ಭುಜದ ಮೇಲಿಂದ ಮುಂದೆ ಬಿಟ್ಟುಕೊಂಡು ನಿಂತಿದ್ದರು, ಅಷ್ಟೇ. ದಪ್ಪ ಜಡೆ, ಅದರಲ್ಲೂ ಒದ್ದೆ ಜಡೆ, ಎಕ್ಸ್-ರೇಯಲ್ಲಿ ನೆರಳು ಬೀಳಿಸುತ್ತದೆ. ಯಾರೂ ಒಂದು ಮಾತು ಹೇಳಿರಲಿಲ್ಲ. ಮಿಷನ್ ಅಲ್ಲೂ ಹೊಸದೇ ಇತ್ತು, ಹಾಲಿಗೆ ಎಸಿ ಬೇರೆ ಇತ್ತು.

ಅಂದಿನಿಂದ ನಾನು ಸೆಂಟರನ್ನು ಅಳೆಯುವುದೇ ಹೀಗೆ, ಗುಂಡಿ ಒತ್ತುವ ಮೊದಲು ಏನೇನು ಕೇಳುತ್ತಾರೆ, ಹೇಗೆ ನಿಲ್ಲಿಸುತ್ತಾರೆ ಅಂತ.

ಚಿಕ್ಕಮ್ಮನನ್ನು ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿದರು, ಟ್ಯೂಬ್ ಬೆನ್ನ ಹಿಂದೆ 180 ಸೆಂಟಿಮೀಟರ್ ದೂರ. ಎದೆ ನೋಡಬೇಕಾದರೆ ಮುಂದಿನಿಂದ ತಾನೇ ತೆಗೆಯಬೇಕು ಅಂತ ನನಗೆ ಅನ್ನಿಸಿತ್ತು. ಇದಕ್ಕೆ ಉತ್ತರ ನಮ್ಮ ಮಳೆಗಾಲದ ರಾತ್ರಿಗಳಲ್ಲೇ ಇದೆ. ಕರೆಂಟ್ ಹೋದಾಗ ಚಿಮಣಿ ದೀಪದ ಮುಂದೆ ಕೈಯಲ್ಲಿ ಜಿಂಕೆ, ನಾಯಿ ಮಾಡಿ ಗೋಡೆ ಮೇಲೆ ಆಡಿದವರಿಗೆ ಗೊತ್ತು, ಕೈ ಗೋಡೆಗೆ ಹತ್ತಿರವಾದಷ್ಟೂ ನೆರಳು ಚೊಕ್ಕ, ಅಳತೆಯೂ ಸರಿ. ದೀಪದ ಕಡೆ ತಂದಷ್ಟೂ ನೆರಳು ಭೂತದ ಹಾಗೆ ಬೆಳೆದು ಅಂಚು ಮಸುಕಾಗುತ್ತದೆ. ಹೃದಯ ಇರುವುದು ಎದೆಯ ಮುಂಭಾಗದ ಕಡೆ. ಎದೆ ಪ್ಲೇಟಿಗೆ ತಾಗಿದ್ದರೆ ಹೃದಯದ ನೆರಳು ಹೆಚ್ಚುಕಮ್ಮಿ ಅದರ ಅಳತೆಗೇ ಬರುತ್ತದೆ. ಹಾಸಿಗೆ ಹಿಡಿದವರಿಗೆ ಮಲಗಿಸಿ ಮುಂದಿನಿಂದ ತೆಗೆದ ಚಿತ್ರದಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದನ್ನು ನೋಡಿ ಮನೆಯವರು ಹೆದರುವುದೂ ಇದೆ.

ಕೈ ಸೊಂಟಕ್ಕೆ, ಭುಜ ಮುಂದಕ್ಕೆ, ಗಲ್ಲ ಮೇಲಕ್ಕೆ. ಭುಜ ಮುಂದೆ ತಂದರೆ ಬೆನ್ನಿನ ಹಲಗೆ ಮೂಳೆ ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತದೆ. "ಉಸಿರು ಎಳ್ಕೊಳ್ಳಿ ಅಮ್ಮಾ, ಇನ್ನೂ, ಇನ್ನೂ, ಹಿಡ್ಕೊಳ್ಳಿ." ಚಿಕ್ಕಮ್ಮ ಕೆಮ್ಮಿಬಿಟ್ಟರು. ಮೇಡಂ ಗುಂಡಿ ಒತ್ತಿರಲಿಲ್ಲ. ನೀರು ಕುಡಿಸಿ, ಎರಡು ಸಲ ಸುಮ್ನೆ ಅಭ್ಯಾಸ ಮಾಡಿಸಿ, ಆಮೇಲೆ ತೆಗೆದರು. ಉಸಿರು ಪೂರ್ತಿ ಎಳೆದಿದ್ದಾರಾ ಅಂತ ಮಾನಿಟರಿನಲ್ಲಿ ಹಿಂಬದಿಯ ಪಕ್ಕೆಲುಬು ಎಣಿಸಿದರು. ಹತ್ತು ಕಂಡರೆ ಸಾಕಂತೆ. ಅರ್ಧ ಉಸಿರಿಗೆ ತೆಗೆದರೆ ಶ್ವಾಸಕೋಶದ ಬುಡ ಒತ್ತಿಕೊಂಡು ಸುಮ್ಮನೆ ನ್ಯುಮೋನಿಯಾ ಥರ ಕಾಣಬಹುದು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು, ಒಬ್ಬರು ಬಾಗಿಲು ಬೇರೆ ಬಡಿದರು. ನಾನೂ ಎರಡು ವಾರದ ಹಿಂದೆ ಅದೇ ಬಾಗಿಲು ಬಡಿದವನೇ.

ಇವರದು ಡಿಆರ್, ಅಂದರೆ ಡಿಜಿಟಲ್ ರೇಡಿಯಾಗ್ರಫಿ ಮಿಷನ್, ಚಿತ್ರ ಕೆಲವು ಸೆಕೆಂಡಿಗೇ ಪರದೆ ಮೇಲೆ ಬರುತ್ತದೆ. ಕ್ಯಾಸೆಟ್ ತೆಗೆದು ಇನ್ನೊಂದು ಯಂತ್ರಕ್ಕೆ ತೂರಿಸುವ ಸಿಆರ್ ಇನ್ನೂ ಬೇಕಾದಷ್ಟು ಕಡೆ ಇದೆ, ಅದೂ ತಪ್ಪೇನಿಲ್ಲ. ನಾನು ಚಿಕ್ಕವನಿದ್ದಾಗ ಕತ್ತಲೆ ಕೋಣೆಯಲ್ಲಿ ತೊಳೆದು, ಕ್ಲಿಪ್ ಹಾಕಿ ತೂಗುಹಾಕಿದ ಫಿಲ್ಮ್ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜನ ಸೊಂಟದ ಫಿಲ್ಮನ್ನು ಹಿಡಿದು ನಾವೆಲ್ಲ ಗ್ರಹಣ ನೋಡಿದ್ದೇವೆ, ಅದು ಕಣ್ಣಿಗೆ ಅಪಾಯ, ಮಕ್ಕಳಿಗೆ ಕೊಡಬೇಡಿ. ಡಿಜಿಟಲ್‌ನಲ್ಲಿ ಒಂದು ಮೋಸ ಇದೆ ಅಂತ ಮೇಡಂ ಹೇಳಿದ್ದು ನನಗೆ ಹೊಸದು. ಹಳೆ ಫಿಲ್ಮಿನಲ್ಲಿ ಕಿರಣ ಜಾಸ್ತಿ ಬಿಟ್ಟರೆ ಚಿತ್ರ ಕಪ್ಪಾಗಿ ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಈಗ ಕಂಪ್ಯೂಟರ್ ಎಲ್ಲವನ್ನೂ ಸರಿಮಾಡಿ ಚೆಂದ ತೋರಿಸುತ್ತದೆ, ಬೇಕಾದ್ದಕ್ಕಿಂತ ಎರಡು ಪಟ್ಟು ಬಿಟ್ಟರೂ ಚಿತ್ರ ಚೆಂದವೇ. ಹಾಗಾಗಿ ಪ್ರತಿ ಚಿತ್ರದ ಮೂಲೆಯಲ್ಲಿ ಬರುವ, ಕಿರಣ ಎಷ್ಟು ಬಿತ್ತು ಅಂತ ಹೇಳುವ ಒಂದು ಅಂಕಿಯನ್ನು ಅವರು ನೋಡಲೇಬೇಕು. ನೋಡುತ್ತಿದ್ದರು.

ಕಿರಣದ ಭಯದ ಬಗ್ಗೆ ಎರಡು ಮಾತು, ಚಿಕ್ಕಮ್ಮ ದಾರಿಯುದ್ದಕ್ಕೂ ಅದನ್ನೇ ಕೇಳಿದ್ದರಿಂದ. ಎದೆಯ ಒಂದು ಎಕ್ಸ್-ರೇಗೆ ಜಾಸ್ತಿ ಅಂದರೆ 0.1 ಮಿಲಿಸೀವರ್ಟ್ (ಮೈಗೆ ಬೀಳುವ ಕಿರಣದ ಅಳತೆ) ಅಂತ ಹಿಡಿಯಿರಿ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸುಮ್ಮನೆ ಕೂತರೂ ವರ್ಷಕ್ಕೆ ಸರಾಸರಿ 2.4 ಬೀಳುತ್ತದೆ. ಅಂದರೆ ಹದಿನೈದು ದಿನದ ಬಾಬತ್ತು. ಕೈಯದ್ದು ಲೆಕ್ಕಕ್ಕೇ ಇಲ್ಲ. ಎದೆಯ ಸಿಟಿ ಸ್ಕ್ಯಾನ್ ಆದರೆ 6-7ರ ಹತ್ತಿರ ಹೋಗುತ್ತದೆ, ಅದನ್ನು "ಸುಮ್ನೆ ಒಂದು ಮಾಡಿಸಿಬಿಡೋಣ" ಅನ್ನಬಾರದು. ಕಿರಣ ಮೈಯಲ್ಲಿ ಉಳಿಯುವುದೂ ಇಲ್ಲ, ಟಾರ್ಚ್ ಆರಿಸಿದಮೇಲೆ ಬೆಳಕು ಗೋಡೆಯಲ್ಲಿ ಉಳಿಯುತ್ತದಾ? ಹಾಗಾದರೆ ಆಕೆ ಯಾಕೆ ಸೀಸದ ಗಾಜಿನ ಹಿಂದೆ ಓಡುತ್ತಾಳೆ ಅಂತ ಚಿಕ್ಕಮ್ಮನ ಪಾಯಿಂಟು. ನಮಗೆ ವರ್ಷಕ್ಕೊಂದು, ಅವರಿಗೆ ದಿನವೂ ಹತ್ತಾರು. ಎದೆ ಮೇಲೆ ಒಂದು ಬ್ಯಾಡ್ಜ್ ಹಾಕಿರುತ್ತಾರೆ, ಅವರ ಮೈಗೆ ಎಷ್ಟು ಬಿತ್ತು ಅಂತ ಅದರಲ್ಲಿ ಲೆಕ್ಕ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಗರ್ಭಿಣಿಯಾ ಅಂತ ಕೇಳುವುದನ್ನೂ ಎಲ್ಲರೆದುರು ಕೂಗದೆ ಒಳಗೆ ಕರೆದು ಮೆಲ್ಲಗೆ ಕೇಳಿದರು, ಬಾಗಿಲ ಮೇಲೆ ಕನ್ನಡದಲ್ಲೇ ಬೋರ್ಡೂ ಇತ್ತು. ಇದಕ್ಕೆ ಬೇರೆ ಮಾರ್ಕ್ಸ್.

ಕಾಯುತ್ತಿದ್ದವರೊಬ್ಬರು "ನೇರ ಎಂಆರ್‌ಐ ಮಾಡಿಸಿದ್ರೆ ಆಗ್ತಿತ್ತು" ಅಂದರು. ನನ್ನ ವಿಷಯದಲ್ಲಿ ಅದು ನಿಜವೇ. ಎಂಆರ್‌ಐ ಕೆಲಸ ಮಾಡುವುದು ದೊಡ್ಡ ಆಯಸ್ಕಾಂತ ಮತ್ತು ರೇಡಿಯೋ ಅಲೆಯಿಂದ, ಎಕ್ಸ್-ರೇ ಅದರಲ್ಲಿಲ್ಲ. ಮೊದಲ ದಿನವೇ ಬಿರುಕು ಹಿಡಿಯುತ್ತಿತ್ತು. ಆದರೆ ಖರ್ಚು ಎಷ್ಟೋ ಪಟ್ಟು, ಎರಡು ವಾರ ಕಟ್ಟು ಹಾಕಿ ಕಾದರೆ ಅದೇ ಉತ್ತರ ಸಿಗುತ್ತದೆ ಅಂತ ಡಾಕ್ಟರು ಹೇಳಿದರು. ಈ ವರ್ಷದ ಕೊಳೆರೋಗ ನೋಡಿದರೆ ನನಗೂ ಅದೇ ಸರಿ ಅನ್ನಿಸಿತು. ದುಡ್ಡಿನ ತಾಪತ್ರಯ ಇದ್ದವರು ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಸರ್ಕಾರಿ ದರ, ಕ್ಯೂ ಮಾತ್ರ ಬೆಳಿಗ್ಗೆ ಬೇಗ ಹಿಡಿಯಬೇಕು.

ಐದನೇ ಸ್ಟಾರ್ ಯಾಕಿಲ್ಲ ಅಂದರೆ, ಕುರ್ಚಿ. ಎರಡನೇ ಸಲವೂ ಎಂಟೇ. ಬಟ್ಟೆ ಬದಲಾಯಿಸುವ ಮೂಲೆಗೆ ಒಂದು ಪರದೆ ಇದೆ, ಅದು ಪೂರ್ತಿ ಮುಚ್ಚುವುದಿಲ್ಲ, ಚಿಕ್ಕಮ್ಮ ಸೆರಗು ಹಿಡಿದುಕೊಂಡೇ ಗೌನ್ ಹಾಕಿಕೊಂಡರು. ರಿಪೋರ್ಟ್ ಪೂರ್ತಿ ಇಂಗ್ಲಿಷ್, ಕೊಡುವವನಿಗೆ ಅದರಲ್ಲಿ ಏನಿದೆ ಗೊತ್ತಿಲ್ಲ. ವಾಟ್ಸಾಪಿಗೆ ಚಿತ್ರ ಕಳಿಸುತ್ತಾರೆ, ಅದು ಕುಗ್ಗಿ ಬರುತ್ತದೆ, ಕೂದಲೆಳೆಯ ಗೆರೆ ಅದರಲ್ಲಿ ಕಾಣುವುದಿಲ್ಲ. ಬೆಂಗಳೂರಿನ ಡಾಕ್ಟರಿಗೆ ತೋರಿಸುವುದಿದ್ದರೆ ಡೈಕಾಮ್ ಫೈಲ್, ಅಂದರೆ ಕುಗ್ಗಿಸದ ಮೂಲ ಚಿತ್ರ, ಕೊಡಿ ಅಂತ ಕೇಳಿ, ಸಿಡಿಗೆ ಹಾಕಿ ಕೊಡುತ್ತಾರೆ. ನನ್ನ ಹತ್ತಿರ 100 ರೂಪಾಯಿ ತಗೊಂಡರು, ಕೇಳದಿದ್ದರೆ ಅದರ ಸುದ್ದಿಯೇ ಎತ್ತುವುದಿಲ್ಲ.

ಚಿಕ್ಕಮ್ಮನ ಎದೆ ಸ್ವಚ್ಛವಾಗಿದೆ. ಕೆಮ್ಮು ಒಲೆಯ ಹೊಗೆಯದ್ದು ಅಂತ ಡಾಕ್ಟರು, ಅಲ್ಲ ತಂಡಿಯದ್ದು ಅಂತ ಚಿಕ್ಕಮ್ಮ. ನನ್ನ ಪ್ಲಾಸ್ಟರ್ ಬಿಚ್ಚುವ ಮೊದಲು ಇನ್ನೊಂದು ಎಕ್ಸ್-ರೇ ಇದೆ, ಇಷ್ಟರಲ್ಲೇ ಮತ್ತೆ ಆ ಸಂದಿಗೆ ಹೋಗಬೇಕು. ಅಷ್ಟರೊಳಗೆ ಒಂದು ಉದ್ದ ಬೆಂಚ್ ಹಾಕಿಸಿದ್ದರೆ ಐದು ಮಾಡುತ್ತೇನೆ, ಬಲಗೈಯಲ್ಲೇ ಒತ್ತಿ.